ಕರಡಿ ಮೇಷ್ಟ್ರ ಗಂಟಲು

ತಪ್ಪೆಲ್ಲ ಕರಡಿಯದೇ. ಹಿಂದಿನ ದಿನ ಶಿಶುವಿಹಾರದ ಮೇಷ್ಟ್ರು ಕತೆ ಹೇಳುತ್ತ ಕರಡಿಯ ಹಾಗೆ ಗರ್ಜಿಸಿದ್ದರು. ಮಕ್ಕಳು "ಇನ್ನೊಂದ್ ಸಲ, ಸಾರ್" ಎಂದವು. ಇಲ್ಲ ಎನ್ನಲು ಬಾರದ ಮನುಷ್ಯ, ಹದಿನೇಳು ಸಲ ಗರ್ಜಿಸಿಬಿಟ್ಟರು. ಬೆಳಗ್ಗೆ ಎದ್ದರೆ ಗಂಟಲಿನಿಂದ ಸೊಲ್ಲೇ ಹೊರಡದು.

ಅದೂ ತಪಾಸಣೆಯ ದಿನ! ಆರು ವರ್ಷದಿಂದ ಹಂಗಾಮಿಯಾಗಿದ್ದ ಈ ಬಡಪಾಯಿಯ ಕೆಲಸ ಕಾಯಂ ಆಗುವುದೋ ಹೋಗುವುದೋ ಎಂಬುದು ಇನ್‌ಸ್ಪೆಕ್ಟರ್ ಸಾಹೇಬರ ಇಂದಿನ ವರದಿಯ ಮೇಲೆ ನಿಂತಿತ್ತು.

ಹೊಲಿಗೆ ಟೀಚರ್ ಉಪ್ಪುನೀರು ತಂದು ಕುಡಿಸಿದರು. ಡ್ರಿಲ್ ಮೇಷ್ಟ್ರು, "ತಲೆ ಕೆಳಗ್ಮಾಡಿ ನಿಲ್ಲಿ, ಧ್ವನಿ ತಾನಾಗೇ ಬರುತ್ತೆ" ಎಂದು ಕಾಲು ಹಿಡಿದು ಎತ್ತಿಯೇಬಿಟ್ಟರು. ಬಂದದ್ದು ಉಪ್ಪುನೀರು, ಹೆಡ್‌ಮೇಷ್ಟ್ರ ಬೂಟಿನ ಮೇಲೆ.

"ಅಯ್ಯೋ ದೇವ್ರೇ, ನಿಮ್ ಧ್ವನಿ ಮೊಬೈಲಲ್ಲಿದೆಯಲ್ರೀ!" ಎಂದರು ಹೆಡ್‌ಮೇಷ್ಟ್ರು, ಬೂಟು ಒರೆಸುತ್ತ. "ಜ್ವರ ಬಂದ ಮಕ್ಳಿಗೆ ಅಂತ ಕತೆ ರೆಕಾರ್ಡ್ ಮಾಡಿದ್ರಲ್ಲ, ಅದನ್ನೇ ಹಾಕಿ. ನೀವು ಸುಮ್ನೆ ಬೊಂಬೆ ಆಡ್ಸಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು ಬಂದು ಮಕ್ಕಳ ಪುಟ್ಟ ಕುರ್ಚಿಯಲ್ಲೇ ಹೇಗೋ ಹಿಡಿಸಿಕೊಂಡು ಕೂತರು. ಮೊಬೈಲು ಕತೆ ಹೇಳಿತು. ಮೇಷ್ಟ್ರು ಕಾಲುಚೀಲದ ಕರಡಿಯನ್ನು ಕುಣಿಸಿದರು, ಚಿತ್ರದ ಹಾಳೆ ತಿರುಗಿಸಿದರು. ಕರಡಿ ಹಣ್ಣು ಕದ್ದಾಗಲೆಲ್ಲ ಮಕ್ಕಳು ಹಣ್ಣಿನ ಬದಲು ಬುಟ್ಟಿಯಲ್ಲಿಟ್ಟಿದ್ದ ಚೆಂಡುಗಳಲ್ಲಿ ಉಳಿದದ್ದೆಷ್ಟೆಂದು ಎಣಿಸಿದವು. ಐದರಲ್ಲಿ ಎರಡು ಹೋದರೆ ಎಷ್ಟು ಎಂದು ಸಾಹೇಬರು ಕೇಳಿ ಮುಗಿಸುವ ಮೊದಲೇ ಒಬ್ಬಳು ಎದ್ದು, "ಮೂರು! ಆ ಕರಡಿಗೆ ನಾಚಿಕೇನೇ ಇಲ್ಲ!" ಎಂದಳು. ಮೇಷ್ಟ್ರ ಕಣ್ಣು ತುಂಬಿ ಬಂತು.

ಸಾಹೇಬರೂ ದಂಗಾದರು. "ಭೇಷ್! ಮೇಷ್ಟ್ರು ತುಟಿ ಪಿಟಕ್ಕೆನ್ನಲಿಲ್ಲ, ಮಕ್ಳು ಲೆಕ್ಕ ಕಲ್ತುಬಿಟ್ವು! ಅಂದ್ಮೇಲೆ ಇಲ್ಲಿ ಮೇಷ್ಟ್ರಿಗೇನ್ರೀ ಕೆಲ್ಸ? ಬೊಂಬೆ ಆಡ್ಸೋಕೆ ಆಯಾ ಸಾಕಲ್ಲ?" ಎಂದು ವರದಿ ಬರೆಯಲು ಪೆನ್ನು ತೆಗೆದರು.

ಮೇಷ್ಟ್ರು ಅಡ್ಡ ಬಂದರು. ಬಾಯಿ ತೆರೆದರೆ ಬರೀ ಗಾಳಿ. ಹೆಡ್‌ಮೇಷ್ಟ್ರು ತಮ್ಮ ಬೂಟನ್ನೇ ನೋಡುತ್ತ ನಿಂತಿದ್ದರು. ಮೇಷ್ಟ್ರು ಓಡಿಹೋಗಿ ಬೋರ್ಡಿನ ತುಂಬ ದೊಡ್ಡದಾಗಿ ಬರೆದರು: "ಆ ಧ್ವನಿ ನನ್ನದೇ ಸ್ವಾಮಿ!"

ಸಾಹೇಬರು ಕನ್ನಡಕ ಏರಿಸಿ ಓದಿದರು. ಎದ್ದು ಬಂದು ಮೇಷ್ಟ್ರ ಎರಡೂ ಕೈಗಳನ್ನು ಗೌರವದಿಂದ ಹಿಡಿದುಕೊಂಡರು.

"ಎಂಥಾ ಧ್ವನಿ ರೀ ನಿಮ್ದು! ಇದು ಈ ಶಾಲೆ ಬಿಟ್ಟು ಹೋಗ್ಲೇಬಾರ್ದು. ಮೊಬೈಲ್ ಇಲ್ಲೇ ಇಟ್ಟು ನೀವು ಹೊರಡಿ."