ಕಂಟ್ರೋಲಿನಲ್ಲಿದ್ದ ಶ್ರೀಕರ

ವಂಡ್ಸೆಯ ಶ್ರೀಕರನಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಅಂತೂ ಒಂದು ಹೆಣ್ಣು ಒಪ್ಪುವ ಲಕ್ಷಣ ಕಂಡಿತ್ತು. ಸಾಲಿಗ್ರಾಮದ ಗೋವರ್ಧನ ಐತಾಳರು ಮಗಳು ರಮ್ಯಶ್ರೀಯನ್ನು ಕರೆದುಕೊಂಡು ಆ ದಿನ ಸಂಜೆ ನಾಲ್ಕಕ್ಕೆ ಮಾತು ಮುಗಿಸಲು ಬರುವವರಿದ್ದರು.

ಬೆಳಿಗ್ಗೆ ಅಂಚೆಯವನು ಬಂದಾಗ ಶ್ರೀಕರ ಬಚ್ಚಲಿನಲ್ಲಿದ್ದ. ಕಾಗದ ಪಕ್ಕದ ಮನೆಯ ಪದ್ಮಾಕ್ಷಿಯಮ್ಮನ ಕೈಸೇರಿತು. ಬೇರೆಯವರ ಕಾಗದ ಒಡೆಯಬಾರದೆಂದು ಅವರಿಗೂ ಗೊತ್ತು. ಆದರೆ ಅವರ ಕೈ ತಾಗಿದರೆ ಯಾವ ಲಕೋಟೆಯ ಅಂಟೂ ನಿಲ್ಲುವುದಿಲ್ಲ.

‘ಬಾಯಿ ಕ್ಯಾನ್ಸರ್ ಸಂಶೋಧನೆ. ಶ್ರೀಕರ – ಕಂಟ್ರೋಲ್. ಎರಡನೇ ಸಲ ರಕ್ತ ಕೊಡಲು ಬನ್ನಿ.’

ಪದ್ಮಾಕ್ಷಿಯಮ್ಮನಿಗೆ ಇಪ್ಪತ್ತು ವರ್ಷದಿಂದ ಶುಗರ್. ಕಂಟ್ರೋಲ್ ಅಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹ್ವಾಯ್ ಶ್ರೀಕರ, ಹೆದ್ರಬೇಡ ಮಾರಾಯ! ನಿನ್ನ ಕ್ಯಾನ್ಸರ್ ಕಂಟ್ರೋಲಲ್ಲಿತ್ತಂಬ್ರ್!" ಎಂದು ಬೇಲಿಯಾಚೆಯಿಂದ ಕೂಗಿದರು. ಬಸ್‌ಸ್ಟ್ಯಾಂಡಿನವರೂ ಕೇಳಿಸಿಕೊಂಡರು.

ಶ್ರೀಕರ ಟವೆಲಿನಲ್ಲೇ ಓಡಿಬಂದ. "ನಂಗೆ ಎಂತದೂ ಇಲ್ಲ! ರೋಗ ಇಲ್ದಿದ್ದವ್ರಿಗೇ ಕಂಟ್ರೋಲ್ ಅಂಬ್ರ್. ರೋಗಿಗಳ ರಕ್ತದೊಟ್ಟಿಗೆ ಹೋಲ್ಸಿ ಕಾಂಬುಕೆ!"

"ಪಾಪ, ಡಾಕ್ಟ್ರು ಹಾಂಗ್ ಹೇಳಿ ಸಮಾಧಾನ ಮಾಡಿದ್ರಾ?"

ಅವನು ಕೆಲಸಕ್ಕಿದ್ದ ದೇವಸ್ಥಾನಕ್ಕೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಮ್ಯಾನೇಜರ್ ದಿನಕರ ಕಣ್ಣೊರೆಸಿಕೊಳ್ಳುತ್ತ ಮೃತ್ಯುಂಜಯ ಹೋಮ ನಿಶ್ಚಯಿಸಿಬಿಟ್ಟಿದ್ದರು. ಸೇವೆಗಳ ರಸೀದಿ ಬರೆಯುವವನು ಶ್ರೀಕರನೇ ಆದ್ದರಿಂದ ತನ್ನ ಆಯುಷ್ಯದ ರಸೀದಿಯನ್ನು ತಾನೇ ಹರಿದುಕೊಂಡ. ಮಧ್ಯಾಹ್ನದೊಳಗೆ ಮೂರು ಮನೆಯವರು ಲಕ್ಷ್ಮಣಫಲದ ಎಲೆಯ ಕಷಾಯ ತಂದು, ಎದುರೇ ನಿಂತು ಕುಡಿಸಿದರು. ಇಲ್ಲದ ರೋಗದ ಮದ್ದಿಗೆ ಇದ್ದ ಹೊಟ್ಟೆ ಕೆಟ್ಟಿತು.

ನಾಲ್ಕಕ್ಕೆ ಬಂದ ಐತಾಳರು ಚಾವಡಿಯಲ್ಲಿ ಕೂತವರೇ, "ದಾರಿಯಲ್ಲೇ ಕೇಂಡೆ. ಹೆಣ್ಣ್ ಕೊಡುದು ಹ್ಯಾಂಗೆ, ನೀವೇ ಹೇಳಿ" ಎಂದರು. ಪದ್ಮಾಕ್ಷಿಯಮ್ಮ ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದರು.

ಶ್ರೀಕರನಿಗೆ ಅಳುವುದೊಂದು ಬಾಕಿ. ಸಂಶೋಧನೆ ನಡೆಸುವ ಡಾಕ್ಟರ್ ಪ್ರಜ್ಞಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. "ಡಾಕ್ಟ್ರೆ, ನಂಗೆ ಕ್ಯಾನ್ಸರ್ ಇತ್ತಾ, ಇಲ್ಯಾ? ಹೆಣ್ಣಿನ ಕಡೆಯವ್ರು ಕೇಣ್ತಾ ಇದ್ರ್. ಅವ್ರಿಗೇ ಎಲ್ಲ ಹೇಳಿ, ನನ್ನ ಒಪ್ಪಿಗೆ ಇತ್ತ್."

"ಖಂಡಿತ ಇಲ್ಲ. ಅವರು ಕಂಟ್ರೋಲ್ ಗುಂಪಿನವರು, ಅಂದ್ರೆ ಕ್ಯಾನ್ಸರ್ ಇಲ್ಲದವರು."

ಐತಾಳರು ಕಾಫಿ ಲೋಟ ಎತ್ತಿಕೊಂಡರು. ರಮ್ಯಶ್ರೀ ಮೊದಲ ಸಲ ಅವನತ್ತ ನೋಡಿ ನಕ್ಕಳು. ಪದ್ಮಾಕ್ಷಿಯಮ್ಮನಿಗೆ ಮಾತ್ರ ತುಂಬಾ ಬೇಸರವಾಯಿತು. ಅಷ್ಟಕ್ಕೇ ಫೋನ್ ಇಡುವ ಬುದ್ಧಿ ಶ್ರೀಕರನಿಗೆ ಇರಬೇಕಿತ್ತು.

"ಇನ್ನೊಂಚೂರ್ ಬಿಡಿಸಿ ಹೇಳಿ ಡಾಕ್ಟ್ರೆ, ಇವ್ರಿಗೆ ಪೂರ್ತಿ ಧೈರ್ಯ ಬರ್ಲಿ" ಎಂದ, ಎದೆಯುಬ್ಬಿಸಿ.

"ಇಂಥವರು ಸಿಗೋದೇ ಅಪರೂಪ ರೀ! ಹದಿನೆಂಟು ವರ್ಷದಿಂದ ದಿನಕ್ಕೆ ಹತ್ತು ಸಲ ತಂಬಾಕು ಜಗಿತಾರೆ. ಅಷ್ಟಾದರೂ, ಬೆಳೀರಿ ಬೆಳೀರಿ ಅಂತ ಬರೋ ಕೆಟ್ಟ ಸಿಗ್ನಲ್ಲಿಗೆ ಇವರ ಬಾಯಿಯ ಜೀವಕೋಶಗಳು ಇನ್ನೂ ಓಗೊಟ್ಟಿಲ್ಲ. ಯಾಕೆ ಅಂತಲೇ ನಮ್ಮ ಸಂಶೋಧನೆ. ನಾಳೆ ಏನಾಗುತ್ತೋ ಹೇಳೋಕಾಗಲ್ಲ, ಬಿಟ್ಟುಬಿಡಿ ಅಂತ ಮೊದಲ ಸಲ ರಕ್ತ ಕೊಟ್ಟಾಗಲೇ ಬೈದಿದ್ದೆ."

ಐತಾಳರು ಲೋಟ ಕೆಳಗಿಟ್ಟರು. "ಎಲೆಯಡಿಕೆ ಸಹ ಮುಟ್ಟುದಿಲ್ಲ ಅಂದಿದ್ರಿ ಅಲ್ದಾ, ಹ್ವಾಯ್?"

ಶ್ರೀಕರ ಏನೋ ಹೇಳಲು ರಮ್ಯಶ್ರೀಯತ್ತ ತಿರುಗಿದ. ಅವಳು ಆಗಲೇ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.