ಬರಿಗಾಲಿನ ಚಪ್ಪಲಿ ವ್ಯಾಪಾರಿ

ಹೆಂಡತಿ: ಮೂವತ್ತು ವರ್ಷ ಊರಿಗೆಲ್ಲ ಚಪ್ಪಲಿ ತೊಡಿಸಿದೋರು ಬರಿಗಾಲಲ್ಲಿ ಬಂದು ಅಂಗಡೀಲಿ ಕೂತಿದೀರಲ್ಲ, ನೋಡಿದೋರು ಏನಂತಾರ್ರೀ?

ಗಂಡ: ಏನಾದ್ರೂ ಅನ್ನಲಿ ಕಣೇ. ಬೆಳಿಗ್ಗೆ ಹುಲ್ಲಿನ ಮೇಲೆ ಅರ್ಧ ಗಂಟೆ ನಡೆದೆ. ಭೂಮಿ ಶಕ್ತಿ ಅಂಗಾಲಿಂದ ಜುಮ್ ಅಂತ ಮೊಣಕಾಲಿಗೆ ಹತ್ತಿತು ನೋಡು!

ಹೆಂಡತಿ: ಅದು ಶಕ್ತಿ ಅಲ್ಲ, ಇರುವೆ. ನಿಮ್ಮ ಪ್ಯಾಂಟು ಒದರಿದಾಗ ಉದುರಿದ್ದನ್ನ ಗುಡಿಸಿದೋಳು ನಾನು.

ಗಂಡ: ಹತ್ತು ದಿನದಿಂದ ಎಂಥಾ ನಿದ್ದೆ ಬರ್ತಿದೆ ಗೊತ್ತಾ?

ಹೆಂಡತಿ: ನಿಮಗೆ ನಿದ್ದೆ, ನನಗೆ ಜಾಗರಣೆ. ಆ ಮಣ್ಣುಗಾಲಲ್ಲೇ ಹಾಸಿಗೆ ಹತ್ತಿದ್ರೆ ಹೊಲದಲ್ಲಿ ಮಲಗಿದ ಹಾಗಿರುತ್ತೆ. ಹಾಕ್ಕೊಳಿ ಮೊದಲು!

ಅವಳು ಕಪಾಟಿನಿಂದ ಒಂದು ಜೊತೆ ಚಪ್ಪಲಿ ಇಳಿಸಿ ಗಂಡನ ಮುಂದೆ ಕುಕ್ಕುವಷ್ಟರಲ್ಲಿ ಬಸ್ ಕಂಡಕ್ಟರ್ ಒಬ್ಬ ಕುಂಟುತ್ತ ಒಳಗೆ ಬಂದ. ಮೂರು ದಿನದಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದ ಮೊದಲ ಗಿರಾಕಿ ಅವನು.

ಕಂಡಕ್ಟರ್: ಒಂದು ಗಟ್ಟಿ ಷೂ ಕೊಡಿ ಯಜಮಾನ್ರೇ. ದಿನವಿಡೀ ನಿಂತೂ ನಿಂತೂ ಕಾಲು ಬಿದ್ದೋಗಿದೆ.

ಗಂಡ: ತಗೋಬೇಡಿ.

ಕಂಡಕ್ಟರ್: ಆಂ?

ಗಂಡ: ಕಾಲು ಕೆಟ್ಟಿರೋದೇ ಷೂ ಹಾಕಿ ಹಾಕಿ. ಬರಿಗಾಲಲ್ಲಿ ನೆಲ ಮುಟ್ಟಿ ಸ್ವಾಮಿ.

ಕಂಡಕ್ಟರ್: ನನ್ನ ಬಸ್ಸಲ್ಲಿ ನೆಲ ಎಲ್ಲಿ ಸಿಗುತ್ತೆ? ಜನರ ಕಾಲೇ ಸಿಗೋದು. ಆ ಕಂದು ಬಣ್ಣದ್ದು ತೋರಿಸಿ.

ಗಂಡ: ಅದಂತೂ ಬೇಡವೇ ಬೇಡ.

ಕಂಡಕ್ಟರ್: ಯಾಕೆ, ಬೇರೆಯವರಿಗೆ ಎತ್ತಿಟ್ಟಿದೀರಾ?

ಗಂಡ: ಯಾರಿಗೂ ಇಲ್ಲ. ಅದನ್ನ ಯಾರೂ ಹಾಕಬಾರದು.

ಕಂಡಕ್ಟರ್: (ದನಿ ತಗ್ಗಿಸಿ) ಅಷ್ಟು ಒಳ್ಳೆ ಮಾಲಾ?

ಗಂಡ: ಅಯ್ಯೋ, ನಾನೇ ಹಾಕಲ್ಲ! ನೋಡಿ ಇಲ್ಲಿ ನನ್ನ ಕಾಲು!

ಕಂಡಕ್ಟರ್ ಬಗ್ಗಿ ನೋಡಿದ. ಅವನ ಕಣ್ಣರಳಿತು.

ಕಂಡಕ್ಟರ್: ಅಮ್ಮಾ, ಸವೆದೀತು ಅಂತ ತಾವೂ ಹಾಕದೆ ಕಾಪಾಡ್ತಿದಾರಾ?

ಹೆಂಡತಿ: (ಗಂಡನ ಮುಂದಿದ್ದ ಜೊತೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ) ಏನು ಹೇಳಲಪ್ಪ? ಮನಸ್ಸೇ ಬರಲ್ಲ ಅವರಿಗೆ. ಈಗ ತಾನೆ ಹಾಕ್ಕೊಳಿ ಅಂತ ಜಗಳ ಆಡ್ತಿದ್ದೆ.

ಕಂಡಕ್ಟರ್: ಎರಡು ಜೊತೆ ಕಟ್ಟಿ!

ಗಂಡ: ಕೊಡಲ್ಲ!

ಕಂಡಕ್ಟರ್: ಹಾಗಾದ್ರೆ ಮೂರು! ನಮ್ಮ ಡ್ರೈವರಿಗೂ ಒಂದಿರಲಿ.

ಅವನು ಹೋಗಿ ಬಸ್ ನಿಲ್ದಾಣದಲ್ಲಿ ಏನು ಹೇಳಿದನೋ, ಗಂಟೆಯೊಳಗೆ ಅಂಗಡಿ ತುಂಬ ಖಾಕಿ ಬಟ್ಟೆ. "ಯಜಮಾನ್ರು ಯಾವುದನ್ನ ಬೇಡ ಅಂತಾರೋ ಅದನ್ನೇ ಕೊಡಿ" ಎಂದು ಒಬ್ಬೊಬ್ಬರೂ ಹಟ ಹಿಡಿದರು. ಬೇಡ ಬೇಡ ಎಂದು ಕೂಗಿ ಕೂಗಿ ಗಂಡನ ಗಂಟಲು ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಪಾಟು ಖಾಲಿ. ಇನ್ನು ಬರುವವರನ್ನಾದರೂ ದಾರಿಯಲ್ಲೇ ತಡೆಯೋಣವೆಂದು ಅವನು ಹೊರಗೆ ಕಾಲಿಟ್ಟ. ಕಾದ ಕಲ್ಲು ಚುರ್ ಎಂದಿತು. ಒಂಟಿಗಾಲಲ್ಲಿ ಕುಪ್ಪಳಿಸುತ್ತ ಒಳಗೆ ಬಂದವನೇ ಕೈಗೆ ಸಿಕ್ಕ ಚಪ್ಪಲಿಗೆ ಕಾಲು ತೂರಿಸಿದ.

ಹೆಂಡತಿ: ರೀ! ಕಳಚಿ ಅದನ್ನ!

ಗಂಡ: ಬೆಳಿಗ್ಗೆ ಹಾಕ್ಕೊಳಿ ಅಂತ ಪ್ರಾಣ ತಿಂದೋಳು ನೀನೇ ಅಲ್ವೇನೇ?

ಹೆಂಡತಿ: ಬೆಳಿಗ್ಗೆ ನೀವು ನನ್ನ ಗಂಡ. ಈಗ ಅಂಗಡಿ ಬೋರ್ಡು. ಹೋಗಿ, ಕಾಲು ಕಾಣೋ ಹಾಗೆ ಬಾಗಿಲಲ್ಲಿ ನಿಂತ್ಕೊಳಿ!