ಭೂಗೋಳ ಓದಲು ಹೋಗಿ ಕೊಟ್ಟಿಗೆ ಹೊಕ್ಕಿದ್ದು

ಹಳ್ಳಿಯನ್ನು ಉದ್ಧಾರ ಮಾಡುವ ವಿದ್ಯೆ ಕಲಿಯಲು ಹಳ್ಳಿಗೆ ಹೋದವರಿಗೆ ಏನಾದರೊಂದು ಆಗದೆ ಇರುವುದಿಲ್ಲ. ನನಗಂತೂ ಹೋದಾಗಲೆಲ್ಲ ಆಯಿತು. ಆದದ್ದನ್ನು ಅಂದಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೊಮ್ಮಕ್ಕಳು "ಅಜ್ಜಿ, ಇದೆಲ್ಲಾ ಕಟ್ಟುಕಥಿ" ಎಂದರೆ ಟ್ರಂಕಿನಿಂದ ತೆಗೆದು, ವಾರ, ತಾರೀಖು, ಬಸ್ಸು ಎಷ್ಟು ತಡ ಎಂಬುದರ ಸಮೇತ ಓದಿ ತೋರಿಸುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಜಮಾನರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ, ಮನೆ ಬಂಗೂರನಗರದಲ್ಲಿ. ನಾನು ಮದುವೆಯಾದ ಮೇಲೆ ಧಾರವಾಡಕ್ಕೆ ಹೋಗಿ ಭೂಗೋಳದಲ್ಲಿ ಎಂ.ಎ. ಓದಿದವಳು. ನಮ್ಮ ಸಾಲಿನ ಮನೆಗಳಲ್ಲಿ ಎಂ.ಎ. ಓದಿದ ಸೊಸೆ ನಾನೊಬ್ಬಳೇ. ನಾನು ಹೇಳದಿದ್ದರೆ ಇನ್ನಾರೂ ಹೇಳುವುದಿಲ್ಲ, ಆದ್ದರಿಂದ ಹೇಳಿದೆ. ಎರಡನೆಯ ವರ್ಷ ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ಹೊಸ ವಿಷಯ. ಜೊತೆಗೆ ನಮ್ಮ ಕಡೆಯ ಹಳ್ಳಿಗಳ ಸಮೀಕ್ಷೆ ಮಾಡಿ ಒಂದು ಪ್ರಬಂಧ ಬರೆಯಬೇಕು. ಪ್ರಬಂಧ ಬಿದ್ದರೆ ವರ್ಷವೇ ಬಿದ್ದಂತೆ. ಅತ್ತೆಯವರು ಮೊದಲೇ ಷರತ್ತು ಹಾಕಿದ್ದರು:

"ನೋಡವಾ, ಎರಡು ವರ್ಷ ಅಂದ್ರ ಎರಡ ವರ್ಷ. ಪಾಸಾದಿ, ಛಲೋ ಆತು. ನಪಾಸಾದಿ, ಪುಸ್ತಕಾ ಕಟ್ಟಿ ಅಟ್ಟದ ಮ್ಯಾಲೆ ಇಡು. ಮೂರನೇ ವರ್ಷ ನಾ ಒಲಿ ಮುಂದ ಕೂಡಾಕಿ ಅಲ್ಲ."

ಎಲೆ-ಅಡಿಕೆಯ ದೂರ

ನಮ್ಮ ಪ್ರಶ್ನಾವಳಿ ಯಾವುದೋ ಪರದೇಶದ ಪುಸ್ತಕದಿಂದ ಇಳಿಸಿದ್ದು. ಅದರಲ್ಲಿ "ಮನೆಯಲ್ಲಿ ರೆಫ್ರಿಜರೇಟರ್ ಇದೆಯೇ" ಎಂಬ ಪ್ರಶ್ನೆ ಮೊದಲು, "ಮನೆಗೆ ಬಾಗಿಲು ಇದೆಯೇ" ಎಂಬುದು ಆಮೇಲೆ. ಜೊಯಿಡಾ ಕಡೆಯ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳನ್ನು, ಇಲ್ಲಿಂದ ಸಂತೆ ಎಷ್ಟು ದೂರ ಎಂದು ಕೇಳಿದೆ.

"ಹೋಗಾಕ ಎರಡ ಎಲಿ, ಬರಾಕ ಮೂರು."

ಅಲ್ಲಿಯವರು ನಡೆಯುವಾಗ ಎಷ್ಟು ಸಲ ಎಲೆ-ಅಡಿಕೆ ಹಾಕಿಕೊಳ್ಳುತ್ತಾರೋ ದಾರಿ ಅಷ್ಟು ಉದ್ದ.

"ಅಲ್ಲಜ್ಜಿ, ದಾರಿ ಒಂದ ಅಲ್ಲೇನು?"

"ದಾರಿ ಒಂದ. ಬರೂವಾಗ ಏರು, ತಲಿ ಮ್ಯಾಲೆ ಗಂಟು. ನಿಮ್ಮ ಸಾಲ್ಯಾಗ ಏರು ಕಲಸೂದಿಲ್ಲೇನು?"

ಹಾಗೆಯೇ ಬರೆದುಕೊಂಡೆ. ನಮ್ಮ ಗುರುಗಳು ಮೈಸೂರು ಕಡೆಯವರು, ಬಹಳ ಶಿಸ್ತಿನವರು. ಗುಡ್ಡಗಾಡಿನಲ್ಲಿ ದೂರ ತಿಳಿಯುವುದು ಕಾಲಿಗೇ ಹೊರತು ಕಿಲೋಮೀಟರಿಗಲ್ಲ ಎಂದು ಅವರೆದುರು ಅರ್ಧ ತಾಸು ವಾದಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಆಗಲಮ್ಮ. ಆದರೆ ತಂಬಾಕು ಹಾಕಿಯೋ, ಹಾಕದೆಯೋ? ಅದನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು."

ತಜ್ಞರ ಸ್ವೆಟರು

ಡಿಸೆಂಬರಿನಲ್ಲಿ ಪರದೇಶದಿಂದ ಒಬ್ಬ ಅಭಿವೃದ್ಧಿ ತಜ್ಞರು ಬಂದರು. ಮುಂಡಗೋಡದ ಟಿಬೆಟನ್ ಕ್ಯಾಂಪು ನೋಡಬೇಕೆಂದರು. ಊರು ಗೊತ್ತು, ಇಂಗ್ಲಿಷೂ ಗೊತ್ತು ಎಂದು ಗುರುಗಳು ನನ್ನನ್ನು ಜೊತೆಗೆ ಕಳಿಸಿದರು.

ಕ್ಯಾಂಪಿನಲ್ಲಿ ನೋಡಿದರೆ ಎಲ್ಲಿ ನೋಡಿದಲ್ಲಿ ಮುದುಕರು, ಮುದುಕಿಯರು, ಲಾಮಾಗಳು. ಹರೆಯದವರು ಒಬ್ಬರೂ ಇಲ್ಲ. ತಜ್ಞರು ದುಃಖದಿಂದ ತಲೆ ಅಲ್ಲಾಡಿಸಿದರು. ಕೆಲಸವಿಲ್ಲದೆ ಯುವಜನ ಊರು ಬಿಟ್ಟಿದ್ದಾರೆ, ಇದು ಸಮಾಜ ಒಡೆಯುವ ಲಕ್ಷಣ ಎಂದು ಎರಡು ಪುಟ ಬರೆದುಕೊಂಡರು. ನಾನು ಬಾಯಿ ಹಾಕಲು ನೋಡಿದೆ. ಕೈ ಎತ್ತಿ ಸುಮ್ಮನಿರಿಸಿದರು.

ಅಷ್ಟರಲ್ಲಿ ಜಪಮಾಲೆ ಎಣಿಸುತ್ತ ಕುಳಿತಿದ್ದ ಟಿಬೆಟನ್ ಅಜ್ಜ ಎದ್ದು ಬಂದು, ತಜ್ಞರು ತೊಟ್ಟಿದ್ದ ನೀಲಿ ಸ್ವೆಟರಿನ ಕಾಲರು ಹಿಡಿದು ನೋಡಿದ. ನನ್ನ ಕಡೆ ತಿರುಗಿ, ನಮಗಿಂತ ಚೆನ್ನಾದ ಧಾರವಾಡದ ಕನ್ನಡದಲ್ಲಿ ಕೇಳಿದ:

"ಇದನ್ನ ಹುಬ್ಬಳ್ಳ್ಯಾಗ ತಗೊಂಡ್ರೇನ್ರಿ ಇವರು?"

"ಹೌದ್ರೀ, ನಿನ್ನೆ."

"ನಮ್ಮ ಮಗಳ ಅಂಗಡಿ ಮಾಲು. ಥಂಡಿ ದಿನದಾಗ ಹುಡುಗರೆಲ್ಲಾ ಸ್ವೆಟರ್ ಮಾರಾಕ ಹೋಗಿರ್ತಾರ್ರಿ. ಹೆಚ್ಚಿಗಿ ರೇಟ್ ಹೇಳಿಲ್ಲಲ್ಲ ಅಕಿ?"

ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ತಜ್ಞರು ತಾವು ಬರೆದ ಎರಡು ಪುಟ ಹರಿದು ಹಾಕಲಿಲ್ಲ. "ಯುವಜನ ಊರು ಬಿಟ್ಟಿದ್ದಾರೆ" ಎಂಬುದರ ಕೆಳಗೆ "ಗುಣಮಟ್ಟ ಚೆನ್ನಾಗಿದೆ" ಎಂದು ಸೇರಿಸಿದರು.

ಯಾರು ಪರಊರಿನವರು

ಹಳಿಯಾಳ ತಾಲೂಕಿನ ಒಂದು ಸಿದ್ದಿಯರ ಹಳ್ಳಿಗೆ ಗುರುಗಳೇ ಖುದ್ದಾಗಿ ಬಂದರು. ಅಂಗಳದಲ್ಲಿ ಆಫ್ರಿಕಾದ ದೊಡ್ಡ ನಕಾಶೆ ಬಿಡಿಸಿ, "ನೀವು ಇಲ್ಲಿಂದ ಬಂದವರು" ಎಂದು ಕೋಲಿನಿಂದ ತೋರಿಸಿದರು. ಭತ್ತ ಕೇರುತ್ತಿದ್ದ ಸಿದ್ದಿ ಹೆಂಗಸೊಬ್ಬಳು ಮೊರ ಕೆಳಗಿಟ್ಟು ಕೇಳಿದಳು:

"ನೀವು ಯಾವ ಊರಿನವರ್ರಿ ಸರ?"

"ಮೈಸೂರು ಕಡೆ."

"ಇಲ್ಲಿಗೆ ಯಾವಾಗ ಬಂದ್ರಿ?"

"ಹೋದ ಜೂನ್‌ನಲ್ಲಿ."

"ನಮ್ಮ ಮುತ್ತಜ್ಜಿ ಸುದ್ದಾ ಇದ ಊರಾಗ ಹುಟ್ಯಾಳ್ರಿ. ಹಂಗಾದ್ರ ಪರಊರಿನವರು ನೀವಾದ್ರಿ. ಇಲ್ಲಿ ನೀರು ಹಿಡಸ್ತೇನ್ರಿ? ರೊಟ್ಟಿ ಅರಗತೈತೇನು?"

ಗುರುಗಳು ಪಾಪ, ನೀರು ಹಿಡಿಸಿದ್ದನ್ನೂ ರೊಟ್ಟಿ ಅರಗದ್ದನ್ನೂ ವಿವರವಾಗಿ ಹೇಳಿಕೊಂಡರು. ಅವಳು ಬೆಲ್ಲ, ನೀರು ಕೊಟ್ಟು ಸಮಾಧಾನ ಮಾಡಿದಳು. ನಮ್ಮ ಪ್ರಶ್ನಾವಳಿಯ ಕೊನೆಯಲ್ಲಿ "ಸ್ಥಳೀಯರು ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆ?" ಎಂಬ ಪ್ರಶ್ನೆಯಿತ್ತು. ಆ ಹಳ್ಳಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಉತ್ತರ, ಅದೂ ಗುರುಗಳದ್ದು: "ಚೆನ್ನಾಗಿ."

ಎಂಟು ಎಮ್ಮೆ

ಪ್ರಬಂಧ ಒಪ್ಪಿಸಿದೆ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವಿ, "ಸಂಸಾರಸ್ಥ ಹೆಂಗಸು, ಇಷ್ಟೆಲ್ಲ ಮನೆ ತಿರುಗಿದ್ದೀರಾ? ಮನೆಯಲ್ಲಿ ಕೂತು ತುಂಬಿಸಿದ್ದಲ್ಲ ತಾನೆ?" ಎಂದರು. ನನ್ನ ಫಾರ್ಮುಗಳ ಕಟ್ಟಿನಿಂದ ಒಂದನ್ನು ಕಣ್ಣು ಮುಚ್ಚಿ ಎಳೆದು, "ಈ ಮನೆಗೆ ಹೋಗೋಣ. ಇದು ಸುಳ್ಳಾದರೆ ಎಲ್ಲವೂ ಸುಳ್ಳು" ಎಂದುಬಿಟ್ಟರು. ನನ್ನ ಕಣ್ಣ ಮುಂದೆ ಅಟ್ಟ ಕಾಣಿಸಿತು.

ಮನೆ ಸೂಪಾದ ಹತ್ತಿರದ್ದು. ಆಗ ಅಣೆಕಟ್ಟು ಏಳುತ್ತಿದ್ದ ಕಾಲ; ಆ ಹಳ್ಳಿಗಳಿಗೆ ಒಬ್ಬರಲ್ಲ ಒಬ್ಬರು ಎಣಿಸಲು ಬರುತ್ತಲೇ ಇದ್ದರು. ಜೀಪಿನಲ್ಲಿ ಹೋದೆವು. ಮನೆಯ ಯಜಮಾನ ಮುದುಕ ಅಂಗಳದಲ್ಲೇ ಇದ್ದ.

"ಎಮ್ಮೆ ಎಷ್ಟಿವೆ?" ಎಂದರು ಪರೀಕ್ಷಕರು.

ಮುದುಕ ಜೀಪು ನೋಡಿದ, ಪರೀಕ್ಷಕರ ಖಾಕಿ ಪ್ಯಾಂಟು ನೋಡಿದ. "ಎರಡ್ರಿ ಸಾಹೇಬ್ರ."

ಫಾರ್ಮಿನಲ್ಲಿ ನಾನು ಬರೆದದ್ದು ಎಂಟು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು, "ಮುಗಿಯಿತಲ್ಲಮ್ಮ" ಎಂದರು.

"ಅಜ್ಜಾ, ಇವರು ಪರೀಕ್ಷಾ ಸಾಹೇಬ್ರು! ನನ್ನ ನಪಾಸ್ ಮಾಡ್ತಾರ!" ಎಂದು ಕೂಗಿದೆ.

"ಸಾಲಿಯವರೇನು?" ಮುದುಕ ಹಣೆ ಬಡಿದುಕೊಂಡ. "ಮೊದಲ ಹೇಳಬಾರದೇನ್ರಿ? ಖಾಕಿ ಪ್ಯಾಂಟ್ ನೋಡಿ ಜಂಗಲ್ ಇಲಾಖೆಯವರು ಅಂತ ತಿಳದೆ. ಕಾಡಿನ ಮೇವಿನ ತಕರಾರು ನೋಡ್ರಿ, ಅವರಿಗೆ ಎರಡ. ಡ್ಯಾಮಿನವರಿಗೆ ಹದಿನಾಲ್ಕು, ಪರಿಹಾರದ ಮಾತು. ಬಡವರ ಯಾದಿ ಬರಕೊಳ್ಳಾವರಿಗೆ ಒಂದೂ ಇಲ್ಲ."

"ಹಾಗಾದರೆ ವಿಶ್ವವಿದ್ಯಾಲಯಕ್ಕೆ?"

"ಅದು ಇನ್ನೂ ಊರ ಮಂದಿ ಕೂಡಿ ಠರಾವ್ ಆಗಿಲ್ರಿ."

"ಮತ್ತೆ ಇವರಿಗೆ ಎಂಟು ಅಂತ ಹೇಳಿದವರು ಯಾರು?"

"ಯಾರ ಹೇಳ್ಯಾರ? ಈ ಅಕ್ಕಾರು ನನ್ನ ಮಾತ ನಂಬಲಿಲ್ರಿ. ಸೀರಿ ಎತ್ತಿ ಕಟ್ಟಿ ತಾವ ಕೊಟ್ಟಿಗಿ ಹೊಕ್ಕು, ಒಂದೊಂದರ ಕೊಂಬು ಮುಟ್ಟಿ ಎಣಿಸಿದ್ರು. ನೀವೂ ಹೋಗ್ರಿ, ಯಾರು ಬ್ಯಾಡಂದಾರ?"

ಪರೀಕ್ಷಕರು ಹೋದರು. ಒಳಗೆ ಏನೋ ಜಾರಿದ ಸದ್ದಾಯಿತು, ಒಂದು ಎಮ್ಮೆ ಕೂಗಿತು. ಹೊರಗೆ ಬಂದಾಗ ಅವರ ಖಾಕಿ ಪ್ಯಾಂಟು ಮೊಣಕಾಲಿನವರೆಗೆ ಹಸಿರಾಗಿತ್ತು. "ಎಂಟು" ಎಂದಷ್ಟೇ ಹೇಳಿ, ಜೀಪಿನ ಬಾನೆಟ್ಟಿನ ಮೇಲೆ ಫಾರ್ಮು ಇಟ್ಟು ಸಹಿ ಮಾಡಿದರು. ಪ್ರಬಂಧ ಪಾಸಾಯಿತು.

ಮನೆಗೆ ಹಾರಿಕೊಂಡೇ ಬಂದೆ. ಅತ್ತೆಯವರು ಒಲೆ ಮುಂದೆ ಇದ್ದರು. "ಪಾಸಾದೆ ಅತ್ತಿ!" ಎಂದು ಕಾಲಿಗೆ ಬಿದ್ದು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಎರಡೂ ಕೈ ನೋಡಿದರು, ಚೀಲದೊಳಗೂ ಇಣುಕಿದರು.

"ಎಂಟ ಎಮ್ಮಿ ಇದ್ದ ಮನಿಗೆ ಎರಡ ಸಲ ಹೋಗಿ, ಬರೇ ಕಾಗದ ತಂದೀಯೇನ? ಒಂದ ಗಿಂಡಿ ತುಪ್ಪ ಕೇಳಿ ತರಾಕ ಇನ್ನೂ ಎಷ್ಟ ವರ್ಷ ಓದಬೇಕವಾ?"